ಎಳೆಯದೆ ಹೊರಳಿಸುವುದು: ಹಾಸಿಗೆ ಹಿಡಿದವರ ಆರೈಕೆಯಲ್ಲಿ ನನ್ನ ಅನುಭವ

ಹಾಸಿಗೆ ಹಿಡಿದವರ ಚರ್ಮ ಕೆಡುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಮೊದಲನೆಯದು ಒತ್ತಡ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿದ ಮಾಂಸಕ್ಕೆ ರಕ್ತ ಹೋಗುವುದಿಲ್ಲ. ಇದು ಎಲ್ಲರಿಗೂ ಗೊತ್ತು, ಅದಕ್ಕೇ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುತ್ತೇವೆ. ಎರಡನೆಯದು ಎಳೆತ. ಇದು ಕಣ್ಣಿಗೆ ಬೀಳುವುದಿಲ್ಲ. ತಲೆಯ ಭಾಗ ಎತ್ತಿದ ಮಂಚದಲ್ಲಿ ರೋಗಿ ನಿಧಾನಕ್ಕೆ ಕೆಳಗೆ ಜಾರುತ್ತಾರೆ. ಚರ್ಮ ಬೆಡ್‌ಶೀಟಿಗೆ ಅಂಟಿಕೊಂಡೇ ಇರುತ್ತದೆ, ಒಳಗಿನ ಮೂಳೆ ಮಾತ್ರ ಸರಿಯುತ್ತದೆ. ನಡುವಿನ ಸಣ್ಣ ರಕ್ತನಾಳಗಳು ಹಿಗ್ಗಿ, ತಿರುಚಿ ಮುಚ್ಚಿಕೊಳ್ಳುತ್ತವೆ. ಆಮೇಲೆ ಕಂಕುಳಿಗೆ ಕೈ ಕೊಟ್ಟು ಮೇಲಕ್ಕೆ ಎಳೆದರೆ ಅದೇ ಹಾನಿ ಇನ್ನೊಮ್ಮೆ ಆಗುತ್ತದೆ, ಜೊತೆಗೆ ಭುಜದ ಕೀಲಿಗೂ ಪೆಟ್ಟು.

ಆದ್ದರಿಂದ ಊಟದ ಹೊತ್ತು, ಉಸಿರಾಟದ ತೊಂದರೆ, ಮೂಗಿನ ನಳಿಕೆಯ ಆಹಾರ, ಇಂಥ ಕಾರಣ ಇಲ್ಲದಿದ್ದರೆ ನಾನು ಮಂಚದ ತಲೆಭಾಗವನ್ನು 30 ಡಿಗ್ರಿಗಿಂತ ಮೇಲೆ ಬಿಡುವುದಿಲ್ಲ. ಎತ್ತಲೇಬೇಕಾದರೆ ಮೊದಲು ಮಂಡಿಯ ಭಾಗ ಎತ್ತಿ, ನಂತರ ತಲೆ ಎತ್ತುತ್ತೇನೆ. ಜಾರುವುದು ಅರ್ಧಕ್ಕರ್ಧ ಅಲ್ಲೇ ನಿಲ್ಲುತ್ತದೆ.

ಜಾರಿದವರನ್ನು ಮೇಲಕ್ಕೆ ಸರಿಸಲು ಡ್ರಾ ಶೀಟ್, ಅಂದರೆ ರೋಗಿಯ ಮೈ ಕೆಳಗೆ ಅಡ್ಡಲಾಗಿ ಹಾಸುವ ಬಟ್ಟೆ, ಬೇಕೇ ಬೇಕು. ಅದು ಭುಜದಿಂದ ತೊಡೆಯ ನಡುವಿನ ತನಕ ಬರಬೇಕು. ಸೊಂಟದ ಕೆಳಗಷ್ಟೇ ಇದ್ದರೆ ಭುಜ, ಬೆನ್ನು ಉಜ್ಜಿಕೊಂಡೇ ಹೋಗುತ್ತವೆ. ಮಂಚದ ಬ್ರೇಕ್ ಹಾಕಿ, ಮಂಚವನ್ನು ನಮ್ಮ ಸೊಂಟದ ಎತ್ತರಕ್ಕೆ ತಂದು, ತಲೆಭಾಗವನ್ನು ಮಟ್ಟಸವಾಗಿ ಇಳಿಸಬೇಕು. ಮಲಗಿಸಿದರೆ ಉಸಿರು ಕಟ್ಟುವವರನ್ನೂ ನಳಿಕೆಯಲ್ಲಿ ಆಹಾರ ಹೋಗುತ್ತಿರುವವರನ್ನೂ ನರ್ಸನ್ನು ಕೇಳದೆ ಹಾಗೆ ಇಳಿಸಬಾರದು. ದಿಂಬನ್ನು ತೆಗೆದು ತಲೆಯ ಕಡೆಯ ಹಲಗೆಗೆ ಒರಗಿಸಿಡಿ, ತಲೆ ತಾಗದಂತೆ. ಇಬ್ಬರು ಆಚೀಚೆ ನಿಂತು ಶೀಟಿನ ಅಂಚನ್ನು ರೋಗಿಯ ಮೈಗೆ ತಾಗುವಷ್ಟು ಸುತ್ತಿಕೊಳ್ಳಬೇಕು. ಅಂಚು ದೂರವಿದ್ದರೆ ಶೀಟ್ ಜೋಲುತ್ತದೆ, ಭಾರವೆಲ್ಲ ನಮ್ಮ ನಡುವಿಗೆ ಬೀಳುತ್ತದೆ. ಗದ್ದ ಎದೆಗೆ ತಾಗಿಸಿ ಎಂದು ರೋಗಿಗೆ ಹೇಳಿ. ಕಾಲಿಗೆ ಬಲವಿದ್ದವರು ಮಂಡಿ ಮಡಿಸಿ ಪಾದದಿಂದ ಒತ್ತಲಿ. ‘ಒಂದು, ಎರಡು, ಮೂರು’ ಎನ್ನುವವರು ಒಬ್ಬರೇ ಇರಬೇಕು.

ಇನ್ನು ಮಗ್ಗುಲು. ಅಂಗಾತ ಮಲಗಿದವರನ್ನು ಎಡ ಮಗ್ಗುಲಿಗೆ ತಿರುಗಿಸಬೇಕು ಎಂದುಕೊಳ್ಳಿ. ಮೊದಲ ಕೆಲಸ ಯೂರಿನ್ ಬ್ಯಾಗ್. ಅದನ್ನು ಎಡಗಡೆಗೆ ತಂದು ತೂಗುಹಾಕಿದ ಮೇಲೇ ರೋಗಿಯನ್ನು ಮುಟ್ಟುವುದು. ಈ ಕ್ರಮ ತಪ್ಪಿದರೆ ಹೊರಳುವಾಗ ಕ್ಯಾಥೆಟರ್ (ಮೂತ್ರ ಹೋಗಲು ಹಾಕಿದ ನಳಿಕೆ) ಜಗ್ಗಿ ಮೂತ್ರನಾಳ ಗಾಯವಾಗುತ್ತದೆ. ಬ್ಯಾಗನ್ನು ದಾಟಿಸುವಾಗಲೂ ಮೂತ್ರಕೋಶದ ಮಟ್ಟಕ್ಕಿಂತ ಮೇಲೆ ಎತ್ತಬಾರದು, ಎತ್ತಿದರೆ ಬ್ಯಾಗಿನಲ್ಲಿರುವುದು ಒಳಕ್ಕೆ ಹಿಂತಿರುಗುತ್ತದೆ. ನೆಲಕ್ಕೂ ತಾಗಬಾರದು. ಡ್ರಿಪ್, ಆಮ್ಲಜನಕದ ಟ್ಯೂಬ್ ಎಷ್ಟು ಉದ್ದಕ್ಕೆ ಬರುತ್ತವೆ ಎಂದೂ ನೋಡಿಕೊಳ್ಳಿ.

ನಂತರ ಬಲಗಡೆ ನಿಂತು ರೋಗಿಯನ್ನು ಡ್ರಾ ಶೀಟಿನಿಂದ ನಮ್ಮತ್ತ ಒಂದು ಗೇಣು ಸರಿಸಬೇಕು. ಇದನ್ನು ಬಿಟ್ಟರೆ ತಿರುಗಿದ ಮೇಲೆ ಅವರು ಮಂಚದ ಎಡ ಅಂಚಿಗೆ ಬಂದುಬಿಡುತ್ತಾರೆ. ಮಂಚದ ಬಲಗಡೆಯ ತಡೆ ಸರಳು ಏರಿಸಿ, ಎಡಗಡೆಗೆ ಹೋಗಿ. ಅವರ ಎಡಗೈಯನ್ನು ಮೈಯಿಂದ ದೂರ ದಿಂಬಿನ ಕಡೆಗೆ ಇಡಿ, ಇಲ್ಲದಿದ್ದರೆ ಮೈ ಕೆಳಗೆ ಸಿಕ್ಕಿಕೊಳ್ಳುತ್ತದೆ. ಬಲಗೈ ಎದೆಯ ಮೇಲೆ, ಬಲ ಮಂಡಿ ಮಡಿಸಿ ಪಾದ ಹಾಸಿಗೆಯ ಮೇಲೆ. ಈಗ ಒಂದು ಕೈ ಬಲ ಭುಜದ ಹಿಂದೆ, ಇನ್ನೊಂದು ಬಲ ಸೊಂಟದ ಹಿಂದೆ ಇಟ್ಟು ನಮ್ಮತ್ತ ಹೊರಳಿಸುವುದು. ನಮ್ಮ ಕಡೆಗೆ ಹೊರಳಿದವರಿಗೆ ನಮ್ಮ ಮೈಯೇ ತಡೆ, ಮುಖವೂ ಕಾಣುತ್ತದೆ. ಬೆನ್ನುಮೂಳೆಗೆ ಪೆಟ್ಟಾದವರಿಗೂ ಸೊಂಟದ ಕೀಲು ಬದಲಿಸಿದವರಿಗೂ ಈ ವಿಧಾನ ಸಲ್ಲದು. ಅವರನ್ನು ನರ್ಸ್ ಅಥವಾ ಫಿಸಿಯೋಥೆರಪಿಸ್ಟ್ ಹೇಳಿದ ರೀತಿಯಲ್ಲೇ ತಿರುಗಿಸಬೇಕು.

ಪೂರ್ತಿ 90 ಡಿಗ್ರಿ ಮಗ್ಗುಲಿಗೆ ಮಲಗಿಸಬಾರದು. ಹಾಗೆ ಮಾಡಿದರೆ ಭಾರವೆಲ್ಲ ಸೊಂಟದ ಪಕ್ಕದ ಮೂಳೆಯ ಮೇಲೆ ಬಿದ್ದು ಹುಣ್ಣು ಅಲ್ಲಿ ಶುರುವಾಗುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟೇ ವಾಲಿಸಿದರೆ ಭಾರ ಪಿರ್ರೆಯ ಮಾಂಸಕ್ಕೆ ಹೋಗುತ್ತದೆ. ಸರಿಯಾಗಿದೆಯೇ ಎಂದು ನಾನು ಅಂಗೈ ತೂರಿಸಿ ನೋಡುತ್ತೇನೆ: ಬೆನ್ನಿನ ತುದಿಯ ಮೂಳೆಯೂ ಪಕ್ಕದ ಮೂಳೆಯೂ ಹಾಸಿಗೆಗೆ ಒತ್ತಿಕೊಂಡಿರಬಾರದು. ಮಂಡಿಗಳ ನಡುವೆ ಒಂದು ದಿಂಬು, ಮೇಲಿನ ಕೈಗೆ ಇನ್ನೊಂದು. ಹಿಮ್ಮಡಿ ಗಾಳಿಯಲ್ಲಿ ನಿಲ್ಲಬೇಕು. ಅದಕ್ಕೆ ದಿಂಬನ್ನು ಹಿಮ್ಮಡಿಯ ಕೆಳಗಲ್ಲ, ಮೀನಖಂಡದ ಉದ್ದಕ್ಕೂ ಇಡುವುದು. ನಡುವೆ ತೂತಿರುವ ರಿಂಗ್ ದಿಂಬು ಬೇಡ, ಅದು ಸುತ್ತಲಿನ ರಕ್ತನಾಳಗಳನ್ನೇ ಒತ್ತಿಹಿಡಿಯುತ್ತದೆ.

ಪ್ರತಿ ಸಲ ತಿರುಗಿಸಿದಾಗಲೂ ಅದುವರೆಗೆ ಹಾಸಿಗೆಗೆ ಒತ್ತಿಕೊಂಡಿದ್ದ ಭಾಗದ ಚರ್ಮ ನೋಡುವುದು ನನ್ನ ನಿಯಮ. ಕೆಂಪಾಗಿದ್ದರೆ ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಡುತ್ತೇನೆ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪು ಹೋಗದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ, ಕೂಡಲೇ ನರ್ಸಿಗೆ ತಿಳಿಸಬೇಕು. ಕಪ್ಪು ಮೈಬಣ್ಣದವರಲ್ಲಿ ಈ ಪರೀಕ್ಷೆ ನಂಬಲಾಗದು. ಸುತ್ತಲಿನ ಚರ್ಮಕ್ಕಿಂತ ಬಿಸಿಯೋ ತಣ್ಣಗೋ, ಗಟ್ಟಿಯೋ ಮೆತ್ತಗೋ, ನೇರಳೆ ಛಾಯೆ ಇದೆಯೋ, ಮುಟ್ಟಿದರೆ ನೋವೋ ಎಂದು ನೋಡಿ, ಮುಟ್ಟಿ ತಿಳಿಯಬೇಕು. ಎಣ್ಣೆ ಹಚ್ಚಿ ತಿಕ್ಕುವ ಆಸೆ ಮನೆಯವರಿಗೆ ಇರುತ್ತದೆ. ಕೆಂಪಾದ ಜಾಗವನ್ನು ತಿಕ್ಕಿದರೆ ಒಳಗೆ ಸೋತ ಮಾಂಸ ಹರಿಯುತ್ತದೆ ಎಂದು ಅವರಿಗೆ ಬಿಡಿಸಿ ಹೇಳಿ. ಎರಡು ಗಂಟೆ ಎಂಬುದೂ ಎಲ್ಲರಿಗೂ ಒಂದೇ ಅಲ್ಲ. ಕೆಂಪು ಬೇಗ ಇಳಿಯದಿದ್ದರೆ ಅಂತರ ಕಡಿಮೆ ಮಾಡಬೇಕು. ಕಿವಿಯ ಹಿಂದೆ ಆಮ್ಲಜನಕದ ಟ್ಯೂಬ್ ಕೂರುವ ಜಾಗವನ್ನು ಬಹಳ ಜನ ಮರೆಯುತ್ತಾರೆ.

ಡಯಾಪರ್ ಬದಲಿಸುವಾಗ ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ಮಾತ್ರ ಒರೆಸುವುದು, ಪ್ರತಿ ಸಲ ಬಟ್ಟೆಯ ಹೊಸ ಭಾಗದಿಂದ. ಉಜ್ಜಬೇಡಿ, ಒತ್ತಿ ಒಣಗಿಸಿ. ಚರ್ಮಕ್ಕೆ ತೇವ ತಾಗದಂತೆ ತಡೆಯುವ ಬ್ಯಾರಿಯರ್ ಕ್ರೀಮ್ ತೆಳ್ಳಗೆ ಸಾಕು. ಗ್ಲೌಸ್ ತೆಗೆದ ಮೇಲೂ ಕೈ ತೊಳೆಯಲೇಬೇಕು. ಸೋಪು ನೀರಿನಲ್ಲಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರಾದರೆ 20ರಿಂದ 30. ಭೇದಿಯಾಗುತ್ತಿರುವವರ ಬಳಿ ಸೋಪು ನೀರೇ ಬೇಕು. ಭೇದಿ ತರುವ ಕೆಲವು ರೋಗಾಣುಗಳ ಬೀಜಕಣಗಳು ಆಲ್ಕೋಹಾಲಿಗೆ ಸಾಯುವುದಿಲ್ಲ.

ವೀಲ್‌ಚೇರಿಗೆ ಇಳಿಸುವಾಗ ಕುರ್ಚಿ ಯಾವ ಕಡೆ ಎಂಬುದೇ ಮುಖ್ಯ: ರೋಗಿಯ ಬಲವಿರುವ ಕಡೆಗೆ, ಮಂಚಕ್ಕೆ ಓರೆಯಾಗಿ. ಲಕ್ವ ಹೊಡೆದ ಕಡೆ ಇಟ್ಟರೆ ಸೋತ ಕಾಲಿನ ಮೇಲೆ ತಿರುಗಬೇಕಾಗುತ್ತದೆ. ಮಂಚ, ಕುರ್ಚಿ ಎರಡಕ್ಕೂ ಬ್ರೇಕ್ ಹಾಕಿ, ಪಾದ ಇಡುವ ಹಲಗೆಗಳನ್ನು ಮಡಿಸಿ. ಪಾದ ನೆಲಕ್ಕೆ ಪೂರ್ತಿ ತಾಗುವಷ್ಟು ಮಂಚ ಇಳಿಸಿ, ಅಂಚಿನಲ್ಲಿ ಒಂದೆರಡು ನಿಮಿಷ ಕೂರಿಸಿ. ಬಹಳ ಹೊತ್ತು ಮಲಗಿದ್ದವರು ಎದ್ದ ಕೂಡಲೇ ಬಿಪಿ ಇಳಿದು ಬೀಳಬಹುದು. ತಲೆ ಸುತ್ತಿದರೆ, ಬೆವರಿದರೆ ಮತ್ತೆ ಮಲಗಿಸಿ. ಜಾರದ ಚಪ್ಪಲಿ ಹಾಕಿಸಿ, ಅವರ ಸೊಂಟಕ್ಕೆ ಕಟ್ಟಿದ ಬೆಲ್ಟ್ ಹಿಡಿದು, ನಮ್ಮ ಮಂಡಿಯನ್ನು ಅವರ ಸೋತ ಮಂಡಿಗೆ ಆನಿಸಿ ನಿಲ್ಲಿಸುವುದು. ಕುತ್ತಿಗೆಗೆ ಕೈ ಹಾಕಲು ಬಿಡಬೇಡಿ, ಅವರು ಕುಸಿದರೆ ನಿಮ್ಮ ಕತ್ತೂ ಜೊತೆಗೆ ಹೋಗುತ್ತದೆ. ಕುರ್ಚಿಯ ಅಂಚು ಕಾಲಿನ ಹಿಂಭಾಗಕ್ಕೆ ತಾಗಿದ ಮೇಲಷ್ಟೇ ಕೂರಿಸಬೇಕು.

ನಡುವೆ ಕುಸಿಯತೊಡಗಿದರೆ ಎತ್ತಿಹಿಡಿಯಲು ಹೋಗಬೇಡಿ. ಒಂದು ಕಾಲು ಮುಂದಿಟ್ಟು, ಬೆಲ್ಟ್ ಹಿಡಿದುಕೊಂಡೇ, ತಲೆ ಬಡಿಯದಂತೆ ನಮ್ಮ ಕಾಲಿನ ಮೇಲೆ ಜಾರಿಸಿ ನೆಲಕ್ಕೆ ಇಳಿಸಿ, ನೆರವಿಗೆ ಕೂಗಿ. ನರ್ಸ್ ಬಂದು ನೋಡುವ ತನಕ ಎಬ್ಬಿಸಬಾರದು. ಬರೆದಿಡುವಾಗ ಎಷ್ಟು ಗಂಟೆಗೆ, ಯಾವ ಮಗ್ಗುಲಿಗೆ ಬಿದ್ದರು, ತಲೆ ತಾಗಿತೇ, ಆಗ ಏನು ಹೇಳಿದರು ಎಂಬುದನ್ನು ಕಂಡಂತೆಯೇ ಬರೆಯಿರಿ. ‘ಚೆನ್ನಾಗಿದ್ದಾರೆ’ ಎಂದು ಬರೆದರೆ ಮುಂದಿನ ಪಾಳಿಯವರಿಗೆ ಏನೂ ತಿಳಿಯುವುದಿಲ್ಲ.