ಟಿಇವಿ ಪ್ರೋಟಿಯೇಸನ್ನು ಲ್ಯಾಬ್‌ನಲ್ಲೇ ಮಾಡಿಕೊಂಡ ಬಗೆ

ಬ್ಯಾಕ್ಟೀರಿಯಾದಲ್ಲಿ ಪ್ರೋಟೀನ್ ಮಾಡಿಸುವ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದು ‘ಎಷ್ಟು ಬರುತ್ತೆ?’ ಅಂತ. ನಾನು ಕೇಳುವುದು ‘ಎಷ್ಟು ಕರಗಿರುತ್ತೆ?’ ಅಂತ. ಪ್ರೋಟೀನನ್ನು ಕತ್ತರಿಸುವ ಎಂಜೈಮ್ ಟಿಇವಿ ಪ್ರೋಟಿಯೇಸ್ ಮಾಡುತ್ತಾ ಮಾಡುತ್ತಾ ಈ ಪ್ರಶ್ನೆ ನನ್ನಲ್ಲಿ ಗಟ್ಟಿಯಾಯಿತು.

ನಮ್ಮ ಲ್ಯಾಬ್‌ನಲ್ಲಿ ಹೆಚ್ಚುಕಡಿಮೆ ಪ್ರತಿ ಪ್ರೋಟೀನಿಗೂ ಹಿಸ್ ಟ್ಯಾಗ್ ಹಾಕಿರುತ್ತೇವೆ. ಅಂದರೆ ತುದಿಯಲ್ಲಿ ಸಾಲಾಗಿ ಆರು ಹಿಸ್ಟಿಡಿನ್ ಅನ್ನೋ ಅಮೈನೋ ಆಮ್ಲ. ಅದು ನಿಕ್ಕಲ್ ಕಾಲಂಗೆ, ಅಂದರೆ ನಿಕ್ಕಲ್ ಹಿಡಿದ ಮಣಿಗಳು ತುಂಬಿದ ಕೊಳವೆಗೆ, ಅಂಟಿಕೊಳ್ಳುತ್ತದೆ, ಉಳಿದ ಪ್ರೋಟೀನ್‌ಗಳು ತೊಳೆದು ಹೋಗುತ್ತವೆ. ಆಮೇಲೆ ಆ ಟ್ಯಾಗ್ ಬೇಡ. ಅದನ್ನು ಕತ್ತರಿಸುವುದಕ್ಕೆ ಟಿಇವಿ ಬೇಕು. ತಂಬಾಕಿನ ಗಿಡಕ್ಕೆ ತಗಲುವ ಟೊಬ್ಯಾಕೋ ಎಚ್ (etch) ವೈರಸ್‌ನ ಎಂಜೈಮ್ ಇದು. ಏಳು ಅಮೈನೋ ಆಮ್ಲಗಳ ಒಂದು ಗುರುತು ಸಿಕ್ಕರೆ ಅಲ್ಲಿ ಮಾತ್ರ ಕತ್ತರಿಸುತ್ತದೆ. ನಮ್ಮ ಪ್ರೋಟೀನಿನ ಬೇರೆ ಕಡೆ ಕೈ ಹಾಕುವುದು ತೀರಾ ಅಪರೂಪ. ಕೊಂಡು ತಂದರೆ ತುಂಬಾ ದುಬಾರಿ. ನಾವು ಬಳಸುವ ಪ್ರಮಾಣಕ್ಕೆ ಕೊಂಡು ಪೂರೈಸುವ ಮಾತೇ ಇಲ್ಲ.

ಕೆಲಸ ಮಾಡುವ ಬ್ಯಾಕ್ಟೀರಿಯಾ ಇ. ಕೋಲಿ, ಬಿಎಲ್21 ಡಿಇ3 ತಳಿ. 1986ರಲ್ಲಿ ವಿಜ್ಞಾನಿಗಳಾದ ಸ್ಟೂಡಿಯರ್ ಮತ್ತು ಮೊಫಾಟ್ ತೋರಿಸಿದ ದಾರಿ ಇವತ್ತಿಗೂ ನಡೆಯುತ್ತಿದೆ. ಟಿ7 ಅನ್ನೋ ವೈರಸ್‌ನ ಆರ್‌ಎನ್‌ಎ ಪಾಲಿಮರೇಸ್ ಜೀನ್ ಈ ತಳಿಯ ಒಳಗೇ ಇದೆ. ಐಪಿಟಿಜಿ ಅನ್ನೋ ರಾಸಾಯನಿಕ ಹಾಕಿದಾಗ ಅದು ಎಚ್ಚರಗೊಂಡು, ನಾವು ಒಳಗೆ ಸೇರಿಸಿದ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿರುವ ನಮ್ಮ ಜೀನನ್ನು ಜೋರಾಗಿ ಓದುತ್ತದೆ. ಲಾನ್, ಒಂಪ್‌ಟಿ ಎಂಬ ಎರಡು ಪ್ರೋಟಿಯೇಸ್‌ಗಳು ಈ ತಳಿಯಲ್ಲಿ ಇಲ್ಲ. ಹಾಗಾಗಿ ನಾವು ಮಾಡಿಸಿದ ಪ್ರೋಟೀನನ್ನು ಅದೇ ತಿಂದು ಹಾಕುವ ಭಯ ಕಡಿಮೆ. ಟಿಇವಿ ಜೀನ್‌ನಲ್ಲಿ ಇ. ಕೋಲಿ ಅಪರೂಪಕ್ಕೆ ಬಳಸುವ ಕೋಡಾನ್‌ಗಳಿವೆ, ಅಂದರೆ ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರಕ್ಷರದ ಗುರುತುಗಳು. ಅವನ್ನು ಓದಿ ಅಮೈನೋ ಆಮ್ಲ ತಂದುಕೊಡುವ ಟಿಆರ್‌ಎನ್‌ಎಗಳನ್ನು ಕೊಡುವ ಇನ್ನೊಂದು ಪ್ಲಾಸ್ಮಿಡ್ ಇರುವ ತಳಿಯನ್ನೇ ನಾನು ಆರಿಸಿಕೊಂಡೆ. ಪ್ಲಾಸ್ಮಿಡ್‌ಗಳು ಕಳೆದು ಹೋಗದಿರಲು ಒಂದಕ್ಕೆ ಆಂಪಿಸಿಲಿನ್, ಇನ್ನೊಂದಕ್ಕೆ ಕ್ಲೋರಾಂಫೆನಿಕಾಲ್, ಎರಡು ಆಂಟಿಬಯಾಟಿಕ್‌ಗಳನ್ನೂ ಮೀಡಿಯಾಕ್ಕೆ, ಅಂದರೆ ಬ್ಯಾಕ್ಟೀರಿಯಾ ಬೆಳೆಯುವ ದ್ರವಕ್ಕೆ, ಹಾಕಬೇಕು.

ಕಷ್ಟ ಇರುವುದು ಮುಂದೆ. ಟಿಇವಿಯನ್ನು ಒಂಟಿಯಾಗಿ ಮಾಡಿಸಿದರೆ ಬಹುಪಾಲು ಗಂಟು ಕಟ್ಟಿ ಕೂರುತ್ತದೆ. ಪ್ರೋಟೀನಿನ ಸರಪಳಿ ಸರಿಯಾಗಿ ಮಡಚಿಕೊಳ್ಳುವ ಮೊದಲೇ ಪಕ್ಕದ ಸರಪಳಿಗೆ ಅಂಟಿಕೊಂಡು ಬಿಡುತ್ತದೆ. ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರೆ ಮಾಡಿ ತೋರಿಸುವ ಜೆಲ್‌ನಲ್ಲಿ ದಪ್ಪ ಬ್ಯಾಂಡ್ ಕಾಣಿಸಿ ಖುಷಿ ಆಗುತ್ತದೆ, ಆದರೆ ಅದೆಲ್ಲ ಕೆಳಗೆ ಕೂತ ಗಸಿಯಲ್ಲಿ, ಅಂದರೆ ಪೆಲೆಟ್‌ನಲ್ಲೇ ಇರುತ್ತದೆ. ಇದಕ್ಕೆ ವಿಜ್ಞಾನಿ ಡೇವಿಡ್ ವಾ ಅವರ ತಂಡ ಮಾಡಿದ ಪ್ಲಾಸ್ಮಿಡ್ ನನಗೆ ತುಂಬಾ ಇಷ್ಟ. ಟಿಇವಿಯ ಮುಂದೆ ಮಾಲ್ಟೋಸ್ ಬೈಂಡಿಂಗ್ ಪ್ರೋಟೀನ್, ಅಂದರೆ ಎಂಬಿಪಿ, ಜೋಡಿಸಿದ್ದಾರೆ. ಅದು ಚೆನ್ನಾಗಿ ಕರಗುತ್ತದೆ, ಜೊತೆಗಿರುವುದನ್ನೂ ಕರಗಿಸಿ ಇಡುತ್ತದೆ. ಎರಡರ ನಡುವೆ ಟಿಇವಿ ಕತ್ತರಿಸುವ ಗುರುತೇ ಇದೆ! ಬ್ಯಾಕ್ಟೀರಿಯಾದ ಒಳಗೆ ಟಿಇವಿ ಮಡಚಿಕೊಂಡು ಕೆಲಸಕ್ಕೆ ಬಂದ ಕೂಡಲೇ ತನ್ನನ್ನು ತಾನೇ ಎಂಬಿಪಿಯಿಂದ ಬಿಡಿಸಿಕೊಳ್ಳುತ್ತದೆ. ಇನ್ನೊಂದು ಬದಲಾವಣೆ ಎಸ್219ವಿ. ಮೂಲ ಎಂಜೈಮ್ ತನ್ನನ್ನೇ ಕತ್ತರಿಸಿಕೊಂಡು ಶಕ್ತಿ ಕಳೆದುಕೊಳ್ಳುತ್ತದೆ. 219ನೇ ಜಾಗದ ಸೆರೀನ್ ಬದಲು ವ್ಯಾಲೀನ್ ಇಟ್ಟರೆ ಸುಮಾರು 100 ಪಟ್ಟು ಜಾಸ್ತಿ ಬಾಳಿಕೆ ಬರುತ್ತದೆ.

ಹೊಸ ಕಾಲೊನಿಯಿಂದ ರಾತ್ರಿ ಚಿಕ್ಕ ಕಲ್ಚರ್ ಬೆಳೆಸಿ, ಬೆಳಿಗ್ಗೆ ದೊಡ್ಡ ಫ್ಲಾಸ್ಕ್‌ಗೆ ಹಾಕುತ್ತೇನೆ. ಹಳೇ ಪ್ಲೇಟ್ ಮುಟ್ಟುವುದಿಲ್ಲ. 2 ಲೀಟರ್ ಫ್ಲಾಸ್ಕ್‌ಗೆ ಅರ್ಧ ಲೀಟರ್ ಮೀಡಿಯಾ ಮಾತ್ರ. ಗಾಳಿ ಆಡಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಸೊರಗುತ್ತದೆ. 37 ಡಿಗ್ರಿಯಲ್ಲಿ ಓ.ಡಿ. (ಕಲ್ಚರ್ ಎಷ್ಟು ಮಬ್ಬಾಗಿದೆ ಎಂಬ ಅಳತೆ) 0.5 ಆಗುವ ತನಕ ಬೆಳೆಸಿ, ಶೇಕರನ್ನು 30ಕ್ಕೆ ಇಳಿಸಿ, 1 ಮಿಲಿಮೋಲಾರ್ ಐಪಿಟಿಜಿ ಹಾಕಿ ನಾಲ್ಕು ಗಂಟೆ ಬಿಡುತ್ತೇನೆ. ಈ ಏಳು ಡಿಗ್ರಿಯಲ್ಲೇ ಅರ್ಧ ಕೆಲಸ ಇದೆ. 37ರಲ್ಲೇ ಬಿಟ್ಟ ಕಲ್ಚರನ್ನೂ ಪಕ್ಕದಲ್ಲಿ ಇಟ್ಟು ನೋಡಿದ್ದೇನೆ. ಒಟ್ಟು ಪ್ರೋಟೀನ್ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ. ಕರಗಿದ ಭಾಗ ಮಾತ್ರ 30ರಲ್ಲಿ ಸ್ಪಷ್ಟವಾಗಿ ಜಾಸ್ತಿ. ತಂಪಿದ್ದರೆ ಬ್ಯಾಕ್ಟೀರಿಯಾ ನಿಧಾನ ಮಾಡುತ್ತದೆ, ಸರಪಳಿಗೆ ಮಡಚಿಕೊಳ್ಳಲು ಪುರುಸೊತ್ತು ಸಿಗುತ್ತದೆ.

ಬಫರ್ ಇದು: 50 ಮಿಲಿಮೋಲಾರ್ ಸೋಡಿಯಂ ಫಾಸ್ಫೇಟ್ ಪಿಎಚ್ 8, 200 ಮಿಲಿಮೋಲಾರ್ ಉಪ್ಪು, 10% ಗ್ಲಿಸರಾಲ್, 25 ಮಿಲಿಮೋಲಾರ್ ಇಮಿಡಜೋಲ್. ಸೆಲ್‌ಗಳನ್ನು ಇದರಲ್ಲಿ ಕಲಸಿ, ಬೀಕರನ್ನು ಐಸ್‌ನಲ್ಲಿ ಇಟ್ಟು ಸೋನಿಕೇಟ್ ಮಾಡಬೇಕು, ಅಂದರೆ ಶಬ್ದದ ಅಲೆಗಳಿಂದ ಒಡೆಯಬೇಕು. ಶುರುವಿನಲ್ಲಿ ಹಾಲು ಬಣ್ಣದ ದ್ರವ. ಸೆಲ್‌ಗಳು ಒಡೆದ ಹಾಗೆ ಡಿಎನ್‌ಎ ಹೊರಗೆ ಬಂದು ಬೆಂಡೆಕಾಯಿ ಲೋಳೆಯ ಹಾಗೆ ಎಳೆ ಎಳೆಯಾಗುತ್ತದೆ. ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಎಳೆ ತುಂಡಾಗಿ ನೀರಾಗುತ್ತದೆ, ಬಣ್ಣವೂ ಸ್ವಲ್ಪ ಕಪ್ಪಿಡುತ್ತದೆ. ಪಿಪೆಟ್ ತುದಿಯಿಂದ ಹನಿ ಹನಿಯಾಗಿ ಬಿದ್ದರೆ ಸಾಕು. ನೊರೆ ಬರುವಷ್ಟು ಮಾತ್ರ ಮಾಡಬಾರದು. ಆಮೇಲೆ ಪಾಲಿಎಥಿಲೀನ್‌ಇಮೈನ್ 0.1% ಆಗುವ ಹಾಗೆ ಹಾಕುತ್ತೇನೆ. ಉಳಿದ ಡಿಎನ್‌ಎ, ಆರ್‌ಎನ್‌ಎ ಬಿಳಿಯಾಗಿ ಕೂಡಿಕೊಳ್ಳುತ್ತವೆ, ಸೆಂಟ್ರಿಫ್ಯೂಜ್‌ನಲ್ಲಿ ಕೆಳಗೆ ಕೂರುತ್ತವೆ.

ಇಲ್ಲಿ ಒಂದು ಜೆಲ್ ಓಡಿಸದೆ ನಾನು ಮುಂದೆ ಹೋಗುವುದಿಲ್ಲ. ಐಪಿಟಿಜಿ ಹಾಕುವ ಮೊದಲು, ಆಮೇಲೆ, ಪೆಲೆಟ್, ಮೇಲಿನ ತಿಳಿ, ಹೀಗೆ ನಾಲ್ಕು ಲೇನ್. ತಿಳಿಯ ಲೇನ್‌ನಲ್ಲಿ 42 ಕಿಲೋಡಾಲ್ಟನ್ ಹತ್ತಿರ ಎಂಬಿಪಿ, ಅದರ ಕೆಳಗೆ 28ರ ಹತ್ತಿರ ಟಿಇವಿ, ಎರಡೂ ಬಿಡಿ ಬಿಡಿಯಾಗಿ ನಿಂತಿರುತ್ತವೆ. ಅದನ್ನು ನೋಡುವುದೇ ಒಂದು ಸಂತೋಷ. ಎಂಜೈಮ್ ಜೀವಂತ ಇದೆ ಅಂತ ಜೆಲ್ಲೇ ಹೇಳುತ್ತಿದೆ, ಅಲ್ವಾ? ಕೆಲಸ ಮಾಡದಿದ್ದರೆ 70ರ ಆಸುಪಾಸಿನಲ್ಲಿ ಒಂದೇ ಬ್ಯಾಂಡ್ ಇರುತ್ತಿತ್ತು.

ಕಾಲಂ ಭಾಗ ಸಲೀಸು. ತಿಳಿ ಹಾಕು, ತೊಳೆ, ನಿಕ್ಕಲ್ ಮೇಲೆ ಹಿಸ್ ಟ್ಯಾಗ್‌ನ ಜಾಗ ಹಿಡಿಯುವ ಇಮಿಡಜೋಲನ್ನು 200 ಮಿಲಿಮೋಲಾರ್‌ಗೆ ಏರಿಸಿ ಇಳಿಸಿಕೋ. ಹಿಸ್ ಟ್ಯಾಗ್ ಟಿಇವಿಯ ಕಡೆ ಇರುವುದರಿಂದ ಎಂಬಿಪಿ ತೊಳೆದು ಹೋಗುತ್ತದೆ. ಕಾಲಂಗೆ ಹಾಕುವ ಬಫರ್‌ನಲ್ಲಿ ಇಡಿಟಿಎ, ಡಿಟಿಟಿ ಇರಕೂಡದು. ಇಡಿಟಿಎ ನಿಕ್ಕಲನ್ನೇ ಕಿತ್ತುಕೊಂಡು ಹೋಗುತ್ತದೆ, ಡಿಟಿಟಿ ಕಾಲಂ ಕಂದು ಮಾಡುತ್ತದೆ. ಆದರೆ ಟಿಇವಿಯ ಕೆಲಸ ಒಂದು ಸಿಸ್ಟೀನ್ ಮೇಲೆ ನಿಂತಿದೆ. ಅದು ಕೆಡದಿರಲು ಇಳಿಸಿಕೊಂಡ ತಕ್ಷಣ ಇಡಿಟಿಎ, ಡಿಟಿಟಿ ಎರಡನ್ನೂ ಸೇರಿಸಬೇಕು. ಯಾವ ಟ್ಯೂಬ್‌ನಲ್ಲಿ ಪ್ರೋಟೀನ್ ಇದೆ ಅಂತ ತಿಳಿಯಲು ಪ್ಲಾಸ್ಟಿಕ್ ಪ್ಲೇಟ್‌ನಲ್ಲಿ ಬ್ರಾಡ್‌ಫರ್ಡ್ ಬಣ್ಣ ಹಾಕಿಟ್ಟು, ಪ್ರತಿ ಟ್ಯೂಬಿನಿಂದ ಒಂದೊಂದು ಹನಿ ಬಿಡುತ್ತೇನೆ. ಕಂದು ಇದ್ದದ್ದು ಗಾಢ ನೀಲಿಯಾದ ಟ್ಯೂಬ್‌ಗಳನ್ನು ಸೇರಿಸಿ, ಗಾತ್ರದ ಪ್ರಕಾರ ಬೇರೆ ಮಾಡುವ ಜೆಲ್ ಫಿಲ್ಟ್ರೇಷನ್‌ಗೆ ಕಳಿಸುತ್ತೇನೆ.

ಕೊನೆಗೆ ಪರೀಕ್ಷೆ. ಟ್ಯಾಗ್ ಇರುವ ಒಂದು ಗೊತ್ತಿರುವ ಪ್ರೋಟೀನಿಗೆ ಅದರ ತೂಕದ ನೂರನೇ ಒಂದು ಪಾಲು ಟಿಇವಿ ಬೆರೆಸಿ, 4 ಡಿಗ್ರಿಯಲ್ಲಿ ರಾತ್ರಿ ಇಡುತ್ತೇನೆ. 30 ಡಿಗ್ರಿಯಲ್ಲಿ ಬೇಗ ಕತ್ತರಿಸುತ್ತದೆ ನಿಜ, ಆದರೆ ನಮ್ಮ ನಾಜೂಕು ಪ್ರೋಟೀನ್‌ಗಳಿಗೆ ತಂಪೇ ಹಿತ. ಬೆಳಿಗ್ಗೆ ಎಲ್ಲವನ್ನೂ ಮತ್ತೆ ನಿಕ್ಕಲ್ ಕಾಲಂ ಮೂಲಕ ಬಿಟ್ಟರೆ ಕತ್ತರಿಸಿದ ಟ್ಯಾಗ್, ಕತ್ತರಿಸದೆ ಉಳಿದದ್ದು, ಟಿಇವಿ, ಮೂರೂ ಅಲ್ಲೇ ಸಿಕ್ಕಿಕೊಳ್ಳುತ್ತವೆ. ನಮಗೆ ಬೇಕಾದದ್ದು ಮಾತ್ರ ಕೆಳಗೆ ಇಳಿಯುತ್ತದೆ.

ತೀರಾ ಗಟ್ಟಿ ದ್ರಾವಣ ಮಾಡಿದರೆ ಟಿಇವಿ ಮತ್ತೆ ಗಂಟು ಕಟ್ಟುವ ಅಪಾಯ ಇದೆ. ಅದಕ್ಕೇ ಮಿಲಿಲೀಟರಿಗೆ 1 ಮಿಲಿಗ್ರಾಂ ಆಸುಪಾಸಿನಲ್ಲೇ ನಿಲ್ಲಿಸಿ, ಚಿಕ್ಕ ಟ್ಯೂಬ್‌ಗಳಿಗೆ ಹಂಚಿ, ಲಿಕ್ವಿಡ್ ನೈಟ್ರೋಜನ್‌ನಲ್ಲಿ ಅದ್ದಿ ಮೈನಸ್ 80ರಲ್ಲಿ ಇಡುತ್ತೇನೆ. ಒಂದು ಟ್ಯೂಬ್ ಒಂದು ಪ್ರಯೋಗಕ್ಕೆ. ಕರಗಿಸಿದ್ದನ್ನು ಮತ್ತೆ ಫ್ರೀಜರ್‌ಗೆ ಇಡುವುದಿಲ್ಲ.