ಒಂದು ಬೈಕು, ಎರಡು ಜೋಡಿ ಚಕ್ರ: ಟಿಪಿಎಂಎಸ್ ಹಾಕ್ಕೊಳ್ಳೋದ್ ಹೇಗೆ

ನನ್ ಹತ್ರ ಇರೋದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕು. ಅದಕ್ಕೆ ಎರಡು ಜೋಡಿ ಚಕ್ರ ಇಟ್ಕೊಂಡಿದೀನಿ, ಒಂದ್ರಲ್ಲಿ ಮಾಮೂಲಿ ರೋಡ್ ಟೈರು, ಇನ್ನೊಂದ್ರಲ್ಲಿ ಸಕಲೇಶಪುರದ ಕಡೆ ಕೆಸರಿಗೆ ಅಂತ ನಾಬಿ ಟೈರು, ಅಂದ್ರೆ ದಪ್ಪ ದಪ್ಪ ಗಟ್ಟಿ ಇರೋದು. ಪ್ರತಿ ಸಲ ಟೈರ್ ಬಿಚ್ಚಿ ಹಾಕಿ ಕೈಯೆಲ್ಲಾ ತರಚ್ಕೊಂಡು ಸಾಕಾಗಿ, ಚಕ್ರಾನೇ ಬದಲಾಯ್ಸೋದು ಅಂತ ಮಾಡ್ಕೊಂಡಿದ್ದು. ನೀವೂ ಮಾಡೋದಾದ್ರೆ ಡಿಸ್ಕು, ಎಬಿಎಸ್ ರಿಂಗು, ಸ್ಪ್ರಾಕೆಟ್ಟು ಎರಡನೇ ಜೋಡಿಗೂ ಬೇರೆದೇ ಹಾಕಿಸ್ಕೊಂಡ್ಬಿಡಿ, ಇಲ್ಲಾಂದ್ರೆ ಅದನ್ನ ಬಿಚ್ಚೋದ್ರಲ್ಲೇ ಭಾನುವಾರ ಮುಗಿಯುತ್ತೆ.

ಇದೆಲ್ಲಾ ಆದ್ಮೇಲೆ ತಲೆನೋವು ಶುರುವಾಗಿದ್ದು ಟಿಪಿಎಂಎಸ್‌ದು, ಅಂದ್ರೆ ಟೈರಲ್ಲಿ ಗಾಳಿ ಎಷ್ಟಿದೆ ಅಂತ ಡಿಸ್ಪ್ಲೇಲಿ ತೋರ್ಸೋ ಸೆನ್ಸರ್‌ದು.

ಸೆನ್ಸರಲ್ಲಿ ಎರಡು ಥರ. ರಿಮ್ ಒಳಗೆ ಕೂರೋದು ಒಂದು, ವಾಲ್ವ್ ಮೇಲೆ ಕ್ಯಾಪ್ ಥರ ತಿರುಗ್ಸೋದು ಇನ್ನೊಂದು. ಟ್ಯೂಬ್ ಇರೋ ಚಕ್ರಕ್ಕೆ ಒಳಗಿನ ಸೆನ್ಸರ್ ಆಗಲ್ಲ, ಅದು ಟ್ಯೂಬ್‌ಲೆಸ್‌ನವ್ರಿಗೆ. ಬಿಎಂಡಬ್ಲ್ಯೂ ಜಿಎಸ್ ಥರದ ಬೈಕಲ್ಲಿ ಕಂಪನಿಯಿಂದ್ಲೇ ಒಳಗಿನ ಸೆನ್ಸರ್ ಬರುತ್ತೆ, ಅವ್ರು ಎರಡನೇ ಜೋಡಿ ಚಕ್ರ ಹಾಕಿದ್ರೆ ಆ ಹೊಸ ಸೆನ್ಸರ್‌ಗಳ ಐಡಿನ (ಒಂದೊಂದು ಸೆನ್ಸರ್‌ಗೂ ಇರೋ ಗುರುತಿನ ನಂಬರು) ಡಯಾಗ್ನೋಸ್ಟಿಕ್ ಟೂಲ್ ಹಾಕಿ ಬೈಕಿಗೆ ಬರೆಸ್ಬೇಕು, ಅದೇ ಬೇರೆ ಕಥೆ. ನಮ್ಮಂಥವ್ರಿಗೆ ಕ್ಯಾಪ್ ಥರದ್ದೇ ಸಾಕು.

ಈಗ ಎಲ್ರೂ ಕೇಳೋದು, ಎರಡು ಜೋಡಿ ಚಕ್ರಕ್ಕೆ ಎರಡು ಜೋಡಿ ಸೆನ್ಸರ್ ಬೇಕಾ ಅಂತ. ನನ್ ಕೇಳಿದ್ರೆ ಬೇಡ. ಹ್ಯಾಂಡಲ್ ಮೇಲೆ ಕೂರೋ ಡಿಸ್ಪ್ಲೇ ಸಾಮಾನ್ಯವಾಗಿ ಮುಂದಿನ ಚಕ್ರಕ್ಕೆ ಒಂದು ಐಡಿ ಹಿಂದಿನ ಚಕ್ರಕ್ಕೆ ಒಂದು ಐಡಿ ಅಷ್ಟೇ ನೆನಪಿಟ್ಕೊಳ್ಳೋದು, ಎರಡನೇ ಜೋಡಿ ಸೆನ್ಸರ್ ತಂದ್ರೆ ಚಕ್ರ ಬದಲಾಯ್ಸಿದಾಗೆಲ್ಲಾ ಮತ್ತೆ ಪೇರ್ ಮಾಡ್ತಾ, ಅಂದ್ರೆ ಡಿಸ್ಪ್ಲೇಗೆ ಸೆನ್ಸರ್ ಪರಿಚಯ ಮಾಡಿಸ್ತಾ ಕೂರ್ಬೇಕು. ಅದರ ಬದ್ಲು ಇರೋ ಎರಡನ್ನೇ ಬಿಚ್ಚಿ ಹೊಸ ಚಕ್ರಕ್ಕೆ ಹಾಕಿದ್ರೆ ಐಡಿ ಅದೇ ಇರುತ್ತೆ, ಡಿಸ್ಪ್ಲೇಗೆ ಚಕ್ರ ಬದಲಾಗಿದ್ದೇ ಗೊತ್ತಾಗಲ್ಲ. ಮುಂದಿಂದು ಹಿಂದಕ್ಕೆ ಹೋಗ್ಬಾರ್ದು ಅಷ್ಟೇ, ನಾನು ಮುಂದಿನ ಸೆನ್ಸರ್ ಮೇಲೆ ಮನೆಯವಳ ನೈಲ್ ಪಾಲಿಶ್ ಒಂದ್ ಚುಕ್ಕೆ ಇಟ್ಟಿದೀನಿ. ಫೋನ್ ಆಪ್ ಇರೋ ಸೆಟ್ ಆಗಿದ್ದು ಅದ್ರಲ್ಲಿ ಒಂದಕ್ಕಿಂತ ಹೆಚ್ಚು ಗಾಡಿ ಸೇರ್ಸೋಕ್ ಬಿಟ್ರೆ ಮಾತ್ರ ಎರಡು ಜೋಡಿ ಸೆನ್ಸರ್ ತಗೊಳ್ಳಿ, ಒಂದೇ ಬೈಕನ್ನ "ರೋಡು", "ಕೆಸರು" ಅಂತ ಎರಡು ಗಾಡಿ ಮಾಡಿ ಸೇವ್ ಮಾಡ್ಬೋದು.

ಮೊದಲ್ನೇ ಸಲ ಪೇರ್ ಮಾಡೋವಾಗ ಎರಡು ಸೆನ್ಸರನ್ನೂ ಪಕ್ಕದಲ್ಲಿ ಇಟ್ಕೋಬೇಡಿ. ಡಿಸ್ಪ್ಲೇ ಬಟನ್ ಒತ್ತಿ ಹಿಡಿದ್ರೆ ಲರ್ನ್ ಮೋಡಿಗೆ ಹೋಗಿ ಮುಂದಿನ ಚಕ್ರದ ಚಿತ್ರ ಮಿನುಗುತ್ತೆ, ಆಗ ಗಾಳಿ ತುಂಬಿರೋ ಮುಂದಿನ ಚಕ್ರಕ್ಕೆ ಸೆನ್ಸರ್ ತಿರುಗ್ಸಿ, ಗಾಳಿ ತಗುಲಿದ ತಕ್ಷಣ ಅದು ಸಿಗ್ನಲ್ ಬಿಡುತ್ತೆ, ಬೀಪ್ ಅನ್ನುತ್ತೆ. ಹಿಂದಿಂದಕ್ಕೂ ಹಿಂಗೇ. ಯಾವ ಬಟನ್ನು ಎಷ್ಟೊತ್ತು ಅನ್ನೋದು ಒಂದೊಂದು ಸೆಟ್ಟಿಗೆ ಒಂದೊಂದು ಥರ, ಡಬ್ಬಿಲಿರೋ ಚೀಟಿ ಬಿಸಾಕ್ಬೇಡಿ.

ಸೆನ್ಸರ್ ತಿರುಗ್ಸೋದು ಸಣ್ ಕೆಲ್ಸ ಅನ್ಸುತ್ತೆ, ಎಲ್ರೂ ಎಡವೋದು ಇಲ್ಲೇ. ಕ್ಯಾಪ್ ಸೆನ್ಸರ್ ವಾಲ್ವ್ ಪಿನ್ನನ್ನ ಒಳಗೆ ಒತ್ಕೊಂಡೇ ಇರುತ್ತೆ, ಅಂದ್ರೆ ಅದು ಕೂತಿದ್ದಷ್ಟೂ ಹೊತ್ತು ವಾಲ್ವ್ ತೆರೆದೇ ಇದೆ ಅಂತ ಲೆಕ್ಕ, ಗಾಳಿ ತಡೀತಿರೋದು ಸೆನ್ಸರ್ ಒಳಗಿನ ಒಂದು ಸಣ್ಣ ರಬ್ಬರ್ ವಾಷರ್. ಮೊದಲು ಲಾಕ್ ನಟ್ಟನ್ನ ವಾಲ್ವ್ ಮೇಲೆ ಕೆಳಗಿನ್ತನಕ ಇಳಿಸಿ, ಆಮೇಲೆ ಸೆನ್ಸರ್ ಕೈಲಿ ಬಿಗಿ ಮಾಡಿ, ಕೊನೆಗೆ ಸ್ಪಾನರಲ್ಲಿ ನಟ್ಟನ್ನ ಮೇಲಕ್ಕೆ ತಂದು ಕಚ್ಚಿಸಿ. ಆಮೇಲೆ ಸೋಪು ನೀರು. ಎರಡು ಹನಿ ಬಿಟ್ಟು ಒಂದು ನಿಮಿಷ ಕಣ್ಣು ಕೀಳದೆ ನೋಡಿ, ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ರೂ ಬಿಚ್ಚಿ ಮತ್ತೆ ಹಾಕಿ. ನಾನು ಒಂದ್ಸಲ ಅರ್ಜೆಂಟಲ್ಲಿ ಇದನ್ನ ಬಿಟ್ಟೆ, ಬೆಳಗ್ಗೆ ಎದ್ದು ನೋಡಿದ್ರೆ ಹಿಂದಿನ ಚಕ್ರ ನೆಲಕ್ಕೆ ಕೂತಿತ್ತು, ಗಾಳಿ ಕಾಯೋಕೆ ಹಾಕಿದ್ದೇ ಗಾಳಿ ತೆಗ್ದಿತ್ತು.

ಚಕ್ರನ ಕೈಲಿ ಒಂದು ಸುತ್ತು ಪೂರ್ತಿ ತಿರುಗ್ಸಿ, ಸೆನ್ಸರ್ ಎಲ್ಲೂ ಬ್ರೇಕ್ ಕ್ಯಾಲಿಪರ್‌ಗೆ, ಹಿಂದಿನ ಚಕ್ರ ಹಿಡ್ಕೊಂಡಿರೋ ಸ್ವಿಂಗ್ ಆರ್ಮ್‌ಗೆ ತಾಗ್ಬಾರ್ದು. ಟ್ಯೂಬ್‌ಲೆಸ್ ಚಕ್ರದಲ್ಲಿ ರಬ್ಬರ್ ವಾಲ್ವ್ ಇದ್ರೆ ತೆಗೆಸಿ ಮೆಟಲ್ ವಾಲ್ವ್ ಹಾಕ್ಸಿ, ಸೆನ್ಸರ್ ಭಾರಕ್ಕೆ ರಬ್ಬರು ಬುಡದಲ್ಲಿ ಬಿರುಕು ಬಿಡುತ್ತೆ. ಟ್ಯೂಬ್ ಚಕ್ರದವ್ರು ನೋಡ್ಬೇಕಾಗಿದ್ದು ವಾಲ್ವ್ ನೆಟ್ಟಗಿದ್ಯಾ ಅಂತ. ಕಮ್ಮಿ ಗಾಳಿಲಿ ಕೆಸರಲ್ಲಿ ಓಡ್ಸಿದಾಗ ಟೈರು ರಿಮ್ ಮೇಲೆ ಜಾರಿ ಟ್ಯೂಬನ್ನೂ ಎಳ್ಕೊಂಡು ಹೋಗುತ್ತೆ, ವಾಲ್ವ್ ವಾಲಿದ್ರೆ ಗಾಳಿ ಇಳಿಸಿ ಸರಿ ಮಾಡಿ, ಇಲ್ಲಾಂದ್ರೆ ಬುಡ ಹರಿಯುತ್ತೆ.

ಚಕ್ರ ಬದಲಾಯ್ಸಿದಾಗ ನಿಜವಾಗ್ಲೂ ಬದಲಾಯ್ಸ್ಬೇಕಾಗಿರೋದು ಅಲಾರಂ, ಗಾಳಿ ತೀರಾ ಕಮ್ಮಿ ಆದ್ರೆ ಕೂಗೋದು ಲೋ, ತೀರಾ ಜಾಸ್ತಿ ಆದ್ರೆ ಕೂಗೋದು ಹೈ. ರೋಡಲ್ಲಿ ಒಬ್ನೇ ಹೋಗುವಾಗ ನಂದು ಮುಂದೆ 25 ಹಿಂದೆ 32 ಪಿಎಸ್ಐ, ಲೋ ಅಲಾರಂ ಸುಮಾರು 15 ಪರ್ಸೆಂಟ್ ಕೆಳಗೆ, ಅಂದ್ರೆ 21 ಮತ್ತು 27, ಹೈ ಅಲಾರಂ 25 ಪರ್ಸೆಂಟ್ ಮೇಲೆ, 31 ಮತ್ತು 40. ಕೆಸರಿಗೆ ಇಳಿಯುವಾಗ ನಾಬಿಗೆ ಮುಂದೆ 20 ಹಿಂದೆ 22 ಇಟ್ಕೊಳ್ತೀನಿ, ಅಲಾರಂ ಮುಟ್ದೆ ಹೋದ್ರೆ ಕಾಫಿ ತೋಟದ ದಾರಿ ಪೂರ್ತಿ ಅದು ಕುಯ್ಯೋ ಅಂತಿರುತ್ತೆ. ಹಂಗಾಗಿ ಲೋ ಮಾತ್ರ 17 ಮತ್ತು 19ಕ್ಕೆ ಇಳಿಸಿ. ಹೈ ಮುಟ್ಬೇಡಿ, ಅದನ್ನೂ ಇಳಿಸಿದ್ರೆ ವಾಪಸ್ ಟಾರ್ ರೋಡಿಗೆ ಬಂದು ಗಾಳಿ ತುಂಬ್ಸಿದ್ರೆ ಆಗ ಕುಯ್ಗುಟ್ಟುತ್ತೆ. ಕೆಲವು ಅಗ್ಗದ ಸೆಟ್ಟಲ್ಲಿ ಲೋ ಇಷ್ಟು ಕೆಳಗೆ ಇಳಿಯೋದೇ ಇಲ್ಲ, ತಗೊಳ್ಳೋಕ್ ಮುಂಚೆ ನೋಡ್ಕೊಳ್ಳಿ.

ಗಾಳಿ ಯಾವಾಗ್ಲೂ ಬೆಳಗ್ಗೆ, ಟೈರ್ ತಣ್ಣಗಿದ್ದಾಗ ನೋಡಿ. ಹತ್ತು ಡಿಗ್ರಿ ಬಿಸಿ ಏರಿದ್ರೆ ಸುಮಾರು ಒಂದೂವರೆ ಪಿಎಸ್ಐ ಏರುತ್ತೆ, ಅದನ್ನ ನೋಡಿ ಗಾಬರಿಯಾಗಿ ದಾರಿ ಮಧ್ಯೆ ಗಾಳಿ ಇಳಿಸೋವ್ರು ಇದಾರೆ, ಮಾರನೇ ಬೆಳಗ್ಗೆ ಕಮ್ಮಿ ಆಗಿರುತ್ತೆ. ಇನ್ನು ಸೆನ್ಸರ್ ತೋರ್ಸೋ ಟೆಂಪರೇಚರ್ ನಂಬ್ಬೇಡಿ, ಹೊರಗೆ ಗಾಳಿಗೆ ಕೂತಿರೋ ಸೆನ್ಸರ್‌ಗೆ ಟೈರ್ ಒಳಗಿನ ಬಿಸಿ ಏನ್ ಗೊತ್ತಾಗುತ್ತೆ.

ಬಿಚ್ಚಿಟ್ಟ ಜೋಡಿ ಚಕ್ರಕ್ಕೆ ಸೆನ್ಸರ್ ಬಿಟ್ಟು ಗೋಡೆಗೆ ನೇತಾಕ್ಬೇಡಿ, ಗಾಳಿ ತಗುಲ್ತಿದ್ರೆ ನಿಂತಲ್ಲೂ ಸಿಗ್ನಲ್ ಬಿಡ್ತಾನೇ ಇರೋ ಸೆನ್ಸರ್‌ಗಳಿವೆ, ಸುಮ್ನೆ ಸೆಲ್ ಖಾಲಿ. ವಾಲ್ವ್‌ಗೆ ಮಾಮೂಲಿ ಕ್ಯಾಪ್ ಹಾಕಿ. ನನ್ ಸೆನ್ಸರ್‌ಗೆ ಬರೋದು ಸಿಆರ್1632 ಸೆಲ್, ಪ್ರತಿ ಅಂಗಡಿಲೂ ಸಿಗಲ್ಲ, ಅದಕ್ಕೆ ಎರಡು ಸೆಲ್ಲು, ಎರಡು ರಬ್ಬರ್ ವಾಷರ್ರು, ಆ ಪುಟಾಣಿ ಸ್ಪಾನರ್ರು ಮೂರೂ ಒಂದು ಪ್ಲಾಸ್ಟಿಕ್ ಡಬ್ಬಿಲಿ ಹಾಕಿ ಸೀಟ್ ಕೆಳಗೆ ಇಟ್ಟಿದೀನಿ.