ಹಳೇ ಪದ್ಮಿನಿಗೆ ಎಡಗಡೆ ಕನ್ನಡಿ: ತೂತು ಕೊರೆಯುವುದು ಕೊನೆಯ ಕೆಲಸ

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ 1978ರದು. ಅಪ್ಪ ಓಡಿಸುತ್ತಿದ್ದ ಕಾಲಕ್ಕೆ ಒಳಗೊಂದು ಕನ್ನಡಿ, ಬಲಬಾಗಿಲಿಗೊಂದು ಕನ್ನಡಿ ಇದ್ದರೆ ಸಾಕಿತ್ತು. ಈಗ ಸಾಲದು. ಬೆಂಗಳೂರಿನ ಯಾವ ಸಿಗ್ನಲ್‌ನಲ್ಲಿ ನಿಂತರೂ ಎಡಗಡೆ ಉಳಿದ ಎರಡಡಿ ಸಂದಿಯಲ್ಲಿ ಸ್ಕೂಟರ್ ನುಗ್ಗಿ ಬರುತ್ತದೆ. ಒಳಗನ್ನಡಿಯಲ್ಲಿ ಅದು ಕಾಣುವುದಿಲ್ಲ. ಕತ್ತು ತಿರುಗಿಸಿದರೆ ಹಿಂದಿನ ಸೀಟಿನವರ ತಲೆ ಕಾಣುತ್ತದೆ. ಎಡಕ್ಕೆ ತಿರುಗುವ ಪ್ರತಿ ಸಲವೂ ಪಕ್ಕದಲ್ಲಿ ಕೂತವರನ್ನು "ಯಾರಾದ್ರೂ ಬರ್ತಿದಾರಾ ನೋಡಿ" ಎಂದು ಕೇಳಬೇಕು. ಹಳೆಯ ಕಾರನ್ನು ಶೆಡ್ಡಿನಲ್ಲಿ ಇಡದೆ ರಸ್ತೆಯಲ್ಲಿ ಓಡಿಸುವವರಿಗೆ ಎಡಗನ್ನಡಿ ಅಲಂಕಾರವಲ್ಲ. ಆ ಸ್ಕೂಟರಿನವನ ಪ್ರಾಣದ ಪ್ರಶ್ನೆ ಅದು.

ಮೊದಲ ಸಲ ಈ ಕೆಲಸವನ್ನು ಒಂದು ಗ್ಯಾರೇಜಿಗೆ ಒಪ್ಪಿಸಿದ್ದೆ. ಹತ್ತೇ ನಿಮಿಷದಲ್ಲಿ ಎರಡು ತೂತು ಕೊರೆದು, ತಗಡಿಗೇ ಸ್ಕ್ರೂ ತಿರುಗಿಸಿ ಕೊಟ್ಟರು. ಮನೆಗೆ ಬಂದು ಸ್ಟೀರಿಂಗ್ ಹಿಂದೆ ಕೂತು ನೋಡಿದರೆ ಅರ್ಧ ಕನ್ನಡಿ ಮಾತ್ರ ಕಾಣುತ್ತಿತ್ತು. ಉಳಿದರ್ಧಕ್ಕೆ ಮುಂದಿನ ತ್ರಿಕೋನ ಗ್ಲಾಸಿನ ಕಂಬಿ ಅಡ್ಡ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸ್ಕ್ರೂ ಸುತ್ತ ಬಣ್ಣ ಉಬ್ಬಿ, ಕೆಳಗೆ ಕೆಂಪು ನೀರು ಇಳಿದಿತ್ತು. ಎರಡನೇ ಸಲ ನಾನೇ ಮಾಡಿದೆ, ನಿಧಾನವಾಗಿ. ಆ ಕ್ರಮವನ್ನೇ ಇಲ್ಲಿ ಹೇಳುತ್ತಿದ್ದೇನೆ. ಅಂಬಾಸಿಡರ್ ಇದ್ದವರಿಗೂ ಹೆಚ್ಚುಕಡಿಮೆ ಇದೇ ದಾರಿ.

ಕನ್ನಡಿ ಆರಿಸುವುದು

ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕುವಾಗ ಬಲಗಡೆಯ ಕನ್ನಡಿಗೆ ಜೋಡಿಯಾಗುವ ಕ್ರೋಮ್ ಕನ್ನಡಿ ಸಿಕ್ಕರೆ ಖುಷಿಯಾಗುತ್ತದೆ. ಆದರೆ ಕೊಳ್ಳುವ ಮುನ್ನ ಎರಡು ಪರೀಕ್ಷೆ ಮಾಡಿ.

ಮೊದಲನೆಯದು ಕತ್ತು ತಿರುಗುವ ಪರೀಕ್ಷೆ. ಬಲಗನ್ನಡಿ ನಿಮ್ಮ ಪಕ್ಕದಲ್ಲೇ ಇರುತ್ತದೆ, ಎಡಗನ್ನಡಿ ಕಾರಿನ ಅಗಲದಷ್ಟು ಆಚೆ. ಹಾಗಾಗಿ ಎಡಗನ್ನಡಿಯ ಮುಖ ನಿಮ್ಮ ಕಡೆಗೆ ಇನ್ನೂ ಹೆಚ್ಚು ವಾಲಬೇಕು. ಬಲಗಡೆಗೆಂದು ಮಾಡಿದ ಕನ್ನಡಿಯ ಗುಂಡಿಕೀಲು ಅಷ್ಟು ತಿರುಗದಿದ್ದರೆ ಅದನ್ನು ಎಲ್ಲಿ ಕೂರಿಸಿದರೂ ನಿಮಗೆ ಕಾಣುವುದು ನಿಮ್ಮದೇ ಕಾರಿನ ಬಾಗಿಲು ಅಥವಾ ಪಕ್ಕದ ಕಾಂಪೌಂಡು.

ಎರಡನೆಯದು ಗಾಜಿನ ಪರೀಕ್ಷೆ. ಎಡಕ್ಕೆ ಉಬ್ಬುಗನ್ನಡಿಯೇ ಬೇಕು. ಅಷ್ಟು ದೂರದಿಂದ ನೋಡುವಾಗ ಚಪ್ಪಟೆ ಗಾಜಿನಲ್ಲಿ ರಸ್ತೆಯ ಸಣ್ಣದೊಂದು ಪಟ್ಟಿ ಮಾತ್ರ ಸಿಗುತ್ತದೆ. ಉಬ್ಬುಗಾಜು ಪಕ್ಕದ ಸಾಲನ್ನೂ ಒಳಗೆ ತರುತ್ತದೆ. ಗಾಜಿನ ಮೇಲೆ ಸ್ಟೀಲ್ ಸ್ಕೇಲನ್ನು ಅಂಚಿನಲ್ಲಿ ನಿಲ್ಲಿಸಿ ನೋಡಿ. ನಡುವೆ ತಾಗಿ ಎರಡು ತುದಿಯಲ್ಲಿ ಬೆಳಕು ಕಂಡರೆ ಉಬ್ಬು, ಉದ್ದಕ್ಕೂ ಕೂತರೆ ಚಪ್ಪಟೆ. ಉಬ್ಬುಗನ್ನಡಿಯಲ್ಲಿ ಎಲ್ಲವೂ ಚಿಕ್ಕದಾಗಿ, ಅಂದರೆ ಇರುವುದಕ್ಕಿಂತ ದೂರದಲ್ಲಿದ್ದಂತೆ ಕಾಣುತ್ತದೆ. ಕಣ್ಣು ಅದಕ್ಕೆ ಒಗ್ಗುವವರೆಗೆ, ಹಿಂದಿನ ವಾಹನ ಎಷ್ಟು ದೂರ ಎಂಬುದನ್ನು ಒಳಗನ್ನಡಿಯಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ. ಅಮೆರಿಕದ ಕಾರುಗಳ ಎಡಗನ್ನಡಿ ಚಪ್ಪಟೆ, ಬಲಗನ್ನಡಿ ಉಬ್ಬು. ಅಲ್ಲಿ ಚಾಲಕ ಎಡಕ್ಕೆ ಕೂರುತ್ತಾನೆ. ಅಲ್ಲಿಂದ ತರಿಸುವವರು ಇದನ್ನು ಮರೆಯಬೇಡಿ.

ಬಾಗಿಲೋ ಮಡ್‌ಗಾರ್ಡೋ

ಮುಂದಿನ ಮಡ್‌ಗಾರ್ಡ್ ಮೇಲೆ ಕೂರಿಸಿದರೆ ಒಂದು ದೊಡ್ಡ ಅನುಕೂಲ: ಕನ್ನಡಿಯನ್ನು ಮುಂದಿನ ಗಾಜಿನ ಮೂಲಕ ನೋಡುತ್ತೀರಿ. ಮಳೆಯಲ್ಲಿ ವೈಪರ್ ಅದನ್ನು ಒರೆಸಿ ಕೊಡುತ್ತದೆ, ಪಕ್ಕದವರ ತಲೆ ಅಡ್ಡ ಬರುವುದಿಲ್ಲ. ಜಪಾನಿನಲ್ಲಿ 1983ರವರೆಗೆ ಅಲ್ಲಿನ ಕಾರುಗಳಿಗೆ ಮಡ್‌ಗಾರ್ಡ್ ಕನ್ನಡಿಯೇ ಕಡ್ಡಾಯವಾಗಿತ್ತು. ಆದರೆ ಕನ್ನಡಿ ದೂರವಾದಷ್ಟೂ ಬಿಂಬ ಚಿಕ್ಕದು, ಸರಿಪಡಿಸಲು ಪ್ರತಿ ಸಲ ಇಳಿಯಬೇಕು. ಮಡ್‌ಗಾರ್ಡಿನ ಅಡಿಗೆ ಚಕ್ರ ಕೆಸರು ಎರಚುತ್ತಲೇ ಇರುವುದರಿಂದ ಅಲ್ಲಿ ಕೊರೆದ ತೂತು ಬೇಗ ತುಕ್ಕು ಹಿಡಿಯುತ್ತದೆ. ನಾನು ಬಾಗಿಲನ್ನೇ ಆರಿಸಿಕೊಂಡೆ.

ತೂತೇ ಬೇಡ ಎನ್ನುವವರಿಗೆ ಕ್ಲ್ಯಾಂಪ್ ಕನ್ನಡಿ ಇದೆ. ಬಾಗಿಲ ಅಂಚನ್ನು ಕಚ್ಚಿ ಹಿಡಿಯುವಂಥದ್ದು. ಐವತ್ತರ ದಶಕದ ಫಿಯೆಟ್ 1100ರ ಮುಂಬಾಗಿಲಿಗೆ ಕೀಲು ಹಿಂದೆ, ತೆರೆಯುವ ಅಂಚು ಮುಂದೆ. ಅಂಥ ಕಾರಿಗೆ ಕ್ಲ್ಯಾಂಪ್ ಹೇಳಿ ಮಾಡಿಸಿದಂತಿದೆ. ಪದ್ಮಿನಿಯಲ್ಲಿ ತೆರೆಯುವ ಅಂಚು ಪಕ್ಕದವರ ಭುಜದ ಬಳಿ ಇರುವುದರಿಂದ ಅಲ್ಲಿ ಕಚ್ಚಿಸಿದ ಕನ್ನಡಿ ಚಾಲಕನಿಗೆ ಉಪಯೋಗವಿಲ್ಲ. ಕಿಟಕಿ ಚೌಕಟ್ಟಿನ ಮುಂದಿನ ಅಂಚಿಗೆ ಹಿಡಿಸಬೇಕು, ಬಾಗಿಲು ಹಾಕಿದಾಗ ಸಂದಿ ಸಾಕೇ ಎಂದು ನೋಡಬೇಕು. ಕ್ಲ್ಯಾಂಪಿನ ಕೆಳಗೆ ಹಳೇ ಸೈಕಲ್ ಟ್ಯೂಬಿನ ತುಂಡು ಇಡಿ.

ಇನ್ನೊಂದು ವಿಷಯವನ್ನೂ ಯೋಚಿಸಿ. ಕೇಂದ್ರ ಮೋಟಾರು ವಾಹನ ನಿಯಮಗಳ 2021ರ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಕಾರು ಮೂಲರೂಪದಲ್ಲೇ ಇದ್ದರೆ ಅದಕ್ಕೆ 'ವಿಎ' ಸರಣಿಯ ವಿಂಟೇಜ್ ನಂಬರು ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಭಾರಿ ಬದಲಾವಣೆ ಆಗಿರಬಾರದು ಎಂಬುದು ಷರತ್ತು. ಕನ್ನಡಿಯ ಎರಡು ತೂತು ಭಾರಿ ಬದಲಾವಣೆಯಲ್ಲ. ಆದರೂ ನಮ್ಮ ಕಾರಿಗೆ 2028ರಲ್ಲಿ ಐವತ್ತು ತುಂಬುತ್ತದೆ, ಅದನ್ನು ಆದಷ್ಟು ಹಾಗೇ ಉಳಿಸುವ ಆಸೆ ನನಗೆ. ತೂತು ಕಡಿಮೆಯಿದ್ದಷ್ಟೂ ಒಳ್ಳೆಯದು.

ಜಾಗ ಗೊತ್ತು ಮಾಡುವುದು

ಇದಕ್ಕೆ ಒಂದು ಇಡೀ ಬೆಳಗ್ಗೆ ಕೊಡಿ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಸೀಟನ್ನು ನೀವು ದಿನಾ ಓಡಿಸುವ ಸ್ಥಿತಿಗೇ ತನ್ನಿ. ಕನ್ನಡಿಯ ಬುಡಕ್ಕೆ ಮಕ್ಕಳ ಆಟದ ಕ್ಲೇ ಮೆತ್ತಿ, ಒಬ್ಬರು ಹೊರಗೆ ನಿಂತು ಬಾಗಿಲ ಮೇಲೆ ಹಿಡಿದುಕೊಳ್ಳಲಿ. ಇನ್ನೊಬ್ಬರು ಪಕ್ಕದ ಸೀಟಿನಲ್ಲಿ ಕೂರಲೇಬೇಕು. ಸ್ಟೀರಿಂಗಿನ ಪಕ್ಕದಲ್ಲೇ ಗೇರು ಇರುವ ಪದ್ಮಿನಿಯಾದರೆ ಮುಂದಿನದು ಉದ್ದ ಸೀಟು, ಮೂರು ಜನ ಕೂರುತ್ತಾರೆ. ನಿಮ್ಮ ಮನೆಯಲ್ಲಿ ಹಾಗೆ ಕೂರುವ ವಾಡಿಕೆಯಿದ್ದರೆ ಮೂವರನ್ನೂ ಕೂರಿಸಿಯೇ ನೋಡಿ. ಖಾಲಿ ಕಾರಿನಲ್ಲಿ ಚೆಂದ ಕಂಡ ಕನ್ನಡಿ ಅತ್ತೆ ಬಂದು ಕೂತಾಗ ಮರೆಯಾಗಬಾರದಲ್ಲ.

ಕನ್ನಡಿಯನ್ನು ಒಂದೊಂದೇ ಬೆರಳಿನಷ್ಟು ಹಿಂದೆ ಮುಂದೆ ಸರಿಸಿ. ತ್ರಿಕೋನ ಗ್ಲಾಸಿನ ಹಿಂದೆ ನಿಂತಿರುವ ಕಂಬಿ ಕನ್ನಡಿಯನ್ನು ಸೀಳಬಾರದು. ಇಡೀ ಕನ್ನಡಿ ಆ ತ್ರಿಕೋನದೊಳಗೇ ಕಾಣುವ ಜಾಗ ನನಗೆ ಸಿಕ್ಕಿದ್ದು ಬಾಗಿಲ ಮುಂದಿನ ಅಂಚಿನ ಹತ್ತಿರ. ಬಲಗನ್ನಡಿಗೆ ಸಮವಾಗಿರಲಿ ಎಂದು ಅಳತೆ ಹಿಡಿಯಲು ಹೋಗಬೇಡಿ. ಹೊರಗಿನಿಂದ ನೋಡುವವರಿಗೆ ಸಮವಾದದ್ದು ಒಳಗಿನಿಂದ ನೋಡುವವರಿಗೆ ಸಮವಲ್ಲ.

ಈಗ ಕನ್ನಡಿಯ ಒಳಅಂಚಿನಲ್ಲಿ ಕಾರಿನ ಪಕ್ಕೆ ಒಂದು ಬೆರಳಗಲ ಕಾಣುವಂತೆ, ನೆಲ ಆಕಾಶ ಸೇರುವ ಗೆರೆ ನಡುವೆ ಬರುವಂತೆ ತಿರುಗಿಸಿ. ಯಾರಾದರೂ ಸೈಕಲ್ ತಳ್ಳಿಕೊಂಡು ಕಾರಿನ ಹಿಂದಿನಿಂದ ಎಡಗಡೆಗೆ ನಡೆದು ಬರಲಿ. ಒಳಗನ್ನಡಿಯಿಂದ ಅವರು ಜಾರುವ ಮುಂಚೆಯೇ ಎಡಗನ್ನಡಿಗೆ ಬರಬೇಕು, ಎಡಗನ್ನಡಿಯಿಂದ ಜಾರುವ ಹೊತ್ತಿಗೆ ನಿಮ್ಮ ಕಡೆಗಣ್ಣಿಗೆ ಬೀಳಬೇಕು. ನಡುವೆ ಎಲ್ಲಿ ಮಾಯವಾದರೋ ಅಲ್ಲಿ ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಕನ್ನಡಿ ತಿದ್ದಿ, ಮತ್ತೆ ನಡೆಸಿ. ನಾವು ಆರು ಸಲ ನಡೆಸಿದೆವು.

ಕೊರೆಯುವುದು

ಬಾಗಿಲಿನ ಗ್ಲಾಸನ್ನು ಪೂರ್ತಿ ಮೇಲಕ್ಕೆ ಏರಿಸಿ. ಇಳಿಸಿದ ಗ್ಲಾಸು ಬಾಗಿಲ ಹೊಟ್ಟೆಯಲ್ಲೇ ಇರುತ್ತದೆ, ಡ್ರಿಲ್ ತಾಗಿದರೆ ಮುಗಿಯಿತು. ಒಳಗಿನ ಡೋರ್ ಪ್ಯಾಡ್ ಬಿಚ್ಚಿ. ಹ್ಯಾಂಡಲ್ ಹಿಂದಿನ ಬಿಲ್ಲೆಯನ್ನು ಒಳಕ್ಕೆ ಒತ್ತಿದರೆ ಅದನ್ನು ಹಿಡಿದಿರುವ ಪಿನ್ನೋ ಕ್ಲಿಪ್ಪೋ ಕಾಣುತ್ತದೆ. ಟಾರ್ಚ್ ಬಿಟ್ಟು ನೋಡಿ: ತ್ರಿಕೋನ ಗ್ಲಾಸಿನ ಕಂಬಿಯ ಕೆಳಗೆ, ಬಾಗಿಲೊಳಗೆ ಗ್ಲಾಸು ಜಾರುವ ಹಳಿ ಇದೆ. ಡ್ರಿಲ್ಲಾಗಲಿ ಬೋಲ್ಟಿನ ತುದಿಯಾಗಲಿ ಅದಕ್ಕೆ ತಾಗಬಾರದು.

ಗುರುತಿನ ಮೇಲೆ ಎರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸಿ, ಸೆಂಟರ್ ಪಂಚಿನಿಂದ ಮೆತ್ತಗೆ ಒಂದು ಪೆಟ್ಟು ಕೊಡಿ. ಮೊದಲು 3 ಮಿ.ಮೀ. ಬಿಟ್, ಆಮೇಲೆ 5 ಮಿ.ಮೀ. ಬೋಲ್ಟಿಗೆ 5.5 ಮಿ.ಮೀ. ತೂತು. ಬಿಟ್ಟಿಗೆ ತುದಿಯಿಂದ ಒಂದು ಸೆಂಟಿಮೀಟರ್ ಬಿಟ್ಟು ಟೇಪ್ ಸುತ್ತಿದರೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುತ್ತದೆ.

ಕೊರೆದ ಲೋಹದ ಪುಡಿಯನ್ನು ಬಾಗಿಲ ತಳದಿಂದ ಅಯಸ್ಕಾಂತದಲ್ಲಿ ಎತ್ತಿ ತೆಗೆಯಿರಿ. ಅದು ಅಲ್ಲೇ ಉಳಿದರೆ ನೀರು ಹರಿಯುವ ಕಿಂಡಿಯ ಬಳಿ ಸೇರಿ ತುಕ್ಕಿಗೆ ಬೀಜವಾಗುತ್ತದೆ. ತೂತಿನ ಅಂಚನ್ನು ಅರದಿಂದ ನುಣುಪು ಮಾಡಿ, ಸಣ್ಣ ಕುಂಚದಲ್ಲಿ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಅದು ಒಣಗಿದ ಮೇಲೆ ಕಾರಿನ ಬಣ್ಣ ಹಚ್ಚಿ. ಒಂದು ರಾತ್ರಿ ಬಿಡಿ. ನನ್ನ ಮೊದಲ ಕನ್ನಡಿಯ ಕೆಲಸದಲ್ಲಿ ತಪ್ಪಿಹೋದದ್ದು ಇದೇ.

ಕೂರಿಸುವುದು

ಬುಡದ ಆಕಾರಕ್ಕೇ ಕತ್ತರಿಸಿದ ರಬ್ಬರ್ ಹೊರಗೆ, ಅಂಗೈ ಅರ್ಧದಷ್ಟು ತಗಡಿನ ಪಟ್ಟಿ ಒಳಗೆ. ಬಾಗಿಲ ತಗಡು ತೆಳು. ಈ ಪಟ್ಟಿ ಇಲ್ಲದಿದ್ದರೆ ಹಳ್ಳ ಬಿದ್ದ ರಸ್ತೆಯಲ್ಲಿ ಕನ್ನಡಿ ನಡುಗಿ, ಹಿಂದೆ ಬರುವ ಬಸ್ಸು ಎರಡಾಗಿ ಕಾಣುತ್ತದೆ. ಸ್ಟೇನ್‌ಲೆಸ್ ಬೋಲ್ಟಿಗೆ ಗ್ರೀಸ್ ಸವರಿ, ಸ್ಪ್ರಿಂಗ್ ವಾಷರ್ ಹಾಕಿ, ಎರಡೂ ನಟ್ಟುಗಳನ್ನು ಸರದಿಯಲ್ಲಿ ಬಿಗಿಯಿರಿ. ಡೋರ್ ಪ್ಯಾಡ್ ಹಾಕುವ ಮುನ್ನ ಗ್ಲಾಸನ್ನು ಒಮ್ಮೆ ಪೂರ್ತಿ ಇಳಿಸಿ ಏರಿಸಿ ನೋಡಿ.

ಹದಿನೈದು ದಿನ ಓಡಿಸಿದ ಮೇಲೆ ರಬ್ಬರ್ ಕೂತು ನಟ್ಟು ಸ್ವಲ್ಪ ಸಡಿಲವಾಗಿರುತ್ತದೆ. ಪ್ಯಾಡ್ ಬಿಚ್ಚಿ ಇನ್ನೊಂದು ಸುತ್ತು ಬಿಗಿಯಿರಿ. ಮೊದಲ ಜೋರು ಮಳೆ ಬಂದ ಮರುದಿನ ಬಾಗಿಲ ಒಳಗೆ ಕೈಹಾಕಿ, ಆ ಪಟ್ಟಿಯ ಹಿಂದೆ ತೇವ ಇದೆಯೇ ಎಂದು ಬೆರಳಲ್ಲಿ ಮುಟ್ಟಿ ನೋಡಿ.